ಗುಳಿಗಿಗೆ ಬಗ್ಗದ ಬಾವು
ಮಕ್ಕಳ ಮೂತ್ರಪಿಂಡದ ಒಂದು ಹಟಮಾರಿ ರೋಗ, ಅದನ್ನು ಹಿಡಿಯುವ ದಾರಿಗಳು



ಮೂರು ನಾಲ್ಕು ವರ್ಷದ ಕೂಸು ಬೆಳಿಗ್ಗೆ ಏಳುತ್ತದೆ. ಕಣ್ಣಿನ ರೆಪ್ಪೆಗಳು ಉಬ್ಬಿರುತ್ತವೆ. "ರಾತ್ರಿ ನಿದ್ದಿ ಸರಿ ಆಗಿಲ್ಲ ಕಾಣ್ತದ" ಅಂತಾಳೆ ಅವ್ವ. "ಏನರ ಹುಳ ಕಡದಿರಬೇಕು" ಅಂತಾಳೆ ಆಯಿ. ಮಧ್ಯಾಹ್ನದ ಹೊತ್ತಿಗೆ ಉಬ್ಬು ಇಳಿದಿರುತ್ತದೆ, ಎಲ್ಲರೂ ಮರೆತುಬಿಡುತ್ತಾರೆ. ಮರುದಿನ ಮತ್ತೆ ಅದೇ. ವಾರ ಕಳೆಯುವುದರೊಳಗೆ ಕಾಲು ಬಾತು ಚಪ್ಪಲಿ ಹಿಡಿಸುವುದಿಲ್ಲ, ಹೊಟ್ಟೆ ದುಂಡಗಾಗುತ್ತದೆ, ಮೂತ್ರ ಹೊಯ್ದಲ್ಲಿ ನೊರೆ ನಿಲ್ಲುತ್ತದೆ. "ಕೂಸು ದಪ್ಪ ಆಗ್ಯದ, ಛಲೋ ಆತು" ಅಂದವರೇ ಈಗ ಗಾಬರಿಯಾಗುತ್ತಾರೆ.

ಈ ರೋಗಕ್ಕೆ ನೆಫ್ರೋಟಿಕ್ ಸಿಂಡ್ರೋಮ್ ಎಂದು ಹೆಸರು. ಹೆಚ್ಚಾಗಿ ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಮೊದಲ ಸಲ ಕಾಣಿಸಿಕೊಳ್ಳುತ್ತದೆ. ಬಹಳಷ್ಟು ಮಕ್ಕಳು ಒಂದೇ ಔಷಧಕ್ಕೆ ಗುಣ ಕಾಣುತ್ತಾರೆ. ಆದರೆ ನೂರಕ್ಕೆ ಹತ್ತರಿಂದ ಇಪ್ಪತ್ತು ಮಕ್ಕಳಲ್ಲಿ ಆ ಔಷಧ ಕೆಲಸ ಮಾಡುವುದಿಲ್ಲ. ಇವತ್ತು ನಾವು ಮಾತಾಡುವುದು ಈ ಮಕ್ಕಳ ಬಗ್ಗೆ. "ಗುಳಿಗಿ ಹತ್ತಲಿಲ್ಲ, ಇನ್ನು ಆಸೆ ಇಲ್ಲ" ಎಂದು ಮನೆಯವರು ಕೈಚೆಲ್ಲಿ ಕುಳಿತರೆ ಮೂತ್ರಪಿಂಡ ಸೋಲುತ್ತದೆ. "ಯಾಕೆ ಹತ್ತಲಿಲ್ಲ?" ಎಂದು ಕೇಳುತ್ತ ಹೋದರೆ ಇವರಲ್ಲಿ ಬಹಳ ಮಕ್ಕಳಿಗೆ ದಾರಿ ಸಿಗುತ್ತದೆ.

ಸಾಣಿಗಿ ಹೇಗೆ ಕೆಲಸ ಮಾಡುತ್ತದೆ?

ನಮ್ಮ ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎರಡೂ ಬದಿಗೆ ಒಂದೊಂದು ಮೂತ್ರಪಿಂಡ ಇದೆ. (ಮರಾಠಿಯಲ್ಲೂ ಇದಕ್ಕೆ ಮೂತ್ರಪಿಂಡ ಎಂದೇ ಅಂತಾರ, ಹೊಸ ಶಬ್ದ ಕಲಿಯಬೇಕಿಲ್ಲ.) ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳು. ಪ್ರತಿ ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಗಂಟು. ಅದಕ್ಕೆ ಗ್ಲೋಮೆರುಲಸ್ ಎನ್ನುತ್ತಾರೆ. ರಕ್ತ ಸೋಸುವುದು ಇಲ್ಲಿಯೇ.

ಎಷ್ಟು ಸೋಸುತ್ತದೆ ಗೊತ್ತೇ? ದೊಡ್ಡವರಲ್ಲಿ ದಿನಕ್ಕೆ ಸುಮಾರು 180 ಲೀಟರ್. ಹದಿನೈದು ಲೀಟರಿನ ಹನ್ನೆರಡು ಕೊಡ! ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಗೆ ಹೋಗುತ್ತದೆ. ಉಳಿದ ನೀರು, ಸಕ್ಕರೆ, ಲವಣ ಎಲ್ಲವನ್ನೂ ನೆಫ್ರಾನಿನ ಕೊಳವೆಗಳು ಮರಳಿ ರಕ್ತಕ್ಕೆ ಎಳೆದುಕೊಳ್ಳುತ್ತವೆ.

ಅವ್ವ ಜೋಳದ ಹಿಟ್ಟು ಸಾಣಿಸುವುದನ್ನು ನೋಡಿದ್ದೀರಿ. ಹಿಟ್ಟು ಕೆಳಗೆ ಬೀಳುತ್ತದೆ, ತೌಡು ಮೇಲೆ ನಿಲ್ಲುತ್ತದೆ. ಗ್ಲೋಮೆರುಲಸ್ ಕೂಡ ಅಂಥ ಸಾಣಿಗಿ, ಆದರೆ ಮೂರು ಪದರಿನದು. ಮೊದಲನೆಯದು ರಕ್ತನಾಳದ ಒಳಗೋಡೆ. ಎರಡನೆಯದು ತೆಳುವಾದ ಒಂದು ಪೊರೆ. ಮೂರನೆಯದು ಪೋಡೋಸೈಟ್ ಎಂಬ ಜೀವಕೋಶಗಳ ಪದರ. ಗ್ರೀಕ್ ಭಾಷೆಯಲ್ಲಿ 'ಪೋಡೋಸ್' ಎಂದರೆ ಪಾದ, ಹಾಗಾಗಿ ಇವನ್ನು ಪಾದಕೋಶ ಎನ್ನೋಣ. ಎರಡು ಕೈಗಳ ಬೆರಳುಗಳನ್ನು ಒಂದರೊಳಗೊಂದು ಸೇರಿಸಿ ಹಿಡಿಯಿರಿ. ಪಾದಕೋಶಗಳ 'ಪಾದ'ಗಳು ಹೀಗೇ ಹೆಣೆದುಕೊಂಡಿರುತ್ತವೆ. ಬೆರಳುಗಳ ನಡುವಿನ ಸಂದಿಯಲ್ಲಿ ಪ್ರೋಟೀನ್‌ಗಳಿಂದಲೇ ಮಾಡಿದ ಒಂದು ಸೂಕ್ಷ್ಮ ಬಲೆ ಇರುತ್ತದೆ. ಆ ಬಲೆಯಲ್ಲಿರುವ ಎರಡು ಮುಖ್ಯ ಪ್ರೋಟೀನ್‌ಗಳು ನೆಫ್ರಿನ್ ಮತ್ತು ಪೋಡೋಸಿನ್. ಈ ಎರಡು ಹೆಸರು ನೆನಪಿಡಿ, ಮುಂದೆ ಬೇಕಾಗುತ್ತವೆ.

ನೆಫ್ರೋಟಿಕ್ ಸಿಂಡ್ರೋಮ್‌ನಲ್ಲಿ ಈ ಪಾದಗಳು ಚಪ್ಪಟೆಯಾಗಿ ಬಲೆ ಹರಿಯುತ್ತದೆ. ರಕ್ತದಲ್ಲಿ ಉಳಿಯಬೇಕಾದ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಮೂತ್ರದಲ್ಲಿ ನೊರೆ ನಿಲ್ಲುವುದು ಅದಕ್ಕೇ. ಅಲ್ಬುಮಿನ್ ರಕ್ತನಾಳದೊಳಗೆ ನೀರನ್ನು ಹಿಡಿದಿಡುವ ವಸ್ತು. ಅದು ಕಡಿಮೆಯಾಯಿತೆಂದರೆ ನೀರು ನಾಳದಿಂದ ಹೊರಗೆ ಜಿನುಗಿ ಅಂಗಾಂಶಗಳಲ್ಲಿ ಸೇರುತ್ತದೆ. ಜೊತೆಗೆ ಮೂತ್ರಪಿಂಡವೂ ಉಪ್ಪನ್ನು ಹೊರಹಾಕದೆ ಹಿಡಿದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ನಿಲ್ಲುತ್ತದೆ. ಇದೇ ಬಾವು. ರಾತ್ರಿ ಮಲಗಿದಾಗ ಆ ನೀರು ಕಣ್ಣಿನ ಸುತ್ತ ಇರುವ ಸಡಿಲ ಚರ್ಮದಲ್ಲಿ ನಿಲ್ಲುತ್ತದೆ. ಎದ್ದು ಓಡಾಡಿದಾಗ ಗುರುತ್ವದಿಂದ ಕಾಲಿಗೆ ಇಳಿಯುತ್ತದೆ. ಬೆಳಿಗ್ಗೆ ಮಾರಿ ಬಾತು, ಸಂಜೆಗೆ ಕಾಲು ಬಾಯುವ ಗುಟ್ಟು ಇದು.

ಮೂತ್ರದಲ್ಲಿ ಸೋರುವುದು ಅಲ್ಬುಮಿನ್ ಒಂದೇ ಅಲ್ಲ. ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳೂ ಪ್ರೋಟೀನ್‌ಗಳೇ, ಅವೂ ಹೋಗುತ್ತವೆ. ಹಾಗಾಗಿ ಇಂಥ ಮಕ್ಕಳಿಗೆ ಸೋಂಕು ಬೇಗ ತಗಲುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ಆಂಟಿಬಯಾಟಿಕ್‌ಗಳೂ ಸ್ಟಿರಾಯ್ಡ್‌ಗಳೂ ಬರುವುದಕ್ಕೆ ಮುಂಚೆ ಈ ರೋಗ ಬಂದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಮುಖ್ಯವಾಗಿ ಸೋಂಕಿನಿಂದಲೇ, ಸಾಯುತ್ತಿದ್ದರು.

ಮೊದಲ ಮದ್ದು

1950ರ ದಶಕದಲ್ಲಿ ಸ್ಟಿರಾಯ್ಡ್ ಔಷಧಗಳು ಈ ಕಥೆಯನ್ನೇ ಬದಲಿಸಿದವು. ಇವತ್ತಿಗೂ ಮೊದಲ ಮದ್ದು ಅದೇ. ಪ್ರೆಡ್ನಿಸೊಲೋನ್ ಎಂಬ ಸಣ್ಣ ಗುಳಿಗಿ, ಬೆಲೆಯೂ ಕಡಿಮೆ. ಮೊದಲ ಸಲ ರೋಗ ಬಂದಾಗ ಆರು ವಾರ ದಿನಾಲೂ, ನಂತರ ಆರು ವಾರ ದಿನ ಬಿಟ್ಟು ದಿನ ಕೊಡುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಎರಡು ಮೂರು ವಾರದೊಳಗೆ ಮೂತ್ರದ ಪ್ರೋಟೀನ್ ನಿಲ್ಲುತ್ತದೆ, ಬಾವು ಇಳಿಯುತ್ತದೆ. ಇದಕ್ಕೆ 'ಶಮನ' ಎನ್ನೋಣ. ಶಮನ ಎಂದರೆ ರೋಗ ಪೂರ್ತಿ ಹೋಯಿತು ಎಂದಲ್ಲ, ಮಲಗಿದೆ ಎಂದು. ಬಹಳ ಮಕ್ಕಳಿಗೆ ಅದು ಮತ್ತೆ ಏಳುತ್ತದೆ, ಮತ್ತೆ ಗುಳಿಗಿಗೆ ಬಗ್ಗುತ್ತದೆ. ದೊಡ್ಡವರಾಗುವ ಹೊತ್ತಿಗೆ ಇವರಲ್ಲಿ ಹೆಚ್ಚಿನವರಿಗೆ ತಾನಾಗಿ ನಿಂತುಬಿಡುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಬಾವು ಇಳಿಯಿತು ಎಂದು ಗುಳಿಗಿಯನ್ನು ಒಮ್ಮೆಲೇ ನಿಲ್ಲಿಸಬಾರದು. ನಮ್ಮ ಅಡ್ರಿನಲ್ ಗ್ರಂಥಿ ಪ್ರತಿದಿನ ದೇಹಕ್ಕೆ ಬೇಕಾದ ಸ್ಟಿರಾಯ್ಡನ್ನು ತಾನೇ ತಯಾರಿಸುತ್ತದೆ. ಹೊರಗಿನಿಂದ ವಾರಗಟ್ಟಲೆ ಸಿಕ್ಕರೆ ಅದು ಕೆಲಸ ಬಿಟ್ಟು ಕೂರುತ್ತದೆ. ಗುಳಿಗಿ ತಟ್ಟನೆ ನಿಂತರೆ ಅದು ಕೂಡಲೇ ಏಳಲಾರದು. ಆಗ ಒಂದು ಸಾಧಾರಣ ಜ್ವರವೂ ಮಗುವಿನ ಜೀವಕ್ಕೆ ಅಪಾಯವಾಗಬಹುದು.

ಗುಳಿಗಿ ಸೋತಾಗ ಕೇಳುವ ಮೂರು ಪ್ರಶ್ನೆ

ಆರು ವಾರ ದಿನಾಲೂ ಸರಿಯಾದ ಪ್ರಮಾಣದಲ್ಲಿ ಪ್ರೆಡ್ನಿಸೊಲೋನ್ ಕೊಟ್ಟರೂ ಮೂತ್ರದ ಪ್ರೋಟೀನ್ ನಿಲ್ಲದಿದ್ದರೆ ಅದನ್ನು 'ಸ್ಟಿರಾಯ್ಡ್ ನಿರೋಧಕ ನೆಫ್ರೋಟಿಕ್ ಸಿಂಡ್ರೋಮ್' ಎಂದು ಭಾರತದ ಮಕ್ಕಳ ಮೂತ್ರಪಿಂಡ ತಜ್ಞರ ಸಂಘ 2021ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಇಲ್ಲಿಂದ ಮುಂದೆ ವೈದ್ಯರು ಪತ್ತೇದಾರರ ಹಾಗೆ ಕೆಲಸ ಮಾಡಬೇಕಾಗುತ್ತದೆ.

ಮೊದಲ ಪ್ರಶ್ನೆ: ಇದು ನಿಜವಾಗಿ ಬಗ್ಗದ ರೋಗವೇ? ಗುಳಿಗಿ ಕಹಿ ಎಂದು ಮಗು ಉಗುಳಿರಬಹುದು. ಸುಗ್ಗಿಯ ದಿನಗಳಲ್ಲಿ ಮನೆಯವರು ಹೊಲದಲ್ಲಿದ್ದು ನಾಲ್ಕು ದಿನ ತಪ್ಪಿರಬಹುದು. ದೇಹದಲ್ಲಿ ಎಲ್ಲೋ ಒಂದು ಸೋಂಕು ಅಡಗಿ ಕುಳಿತಿರಬಹುದು. ಸೋಂಕು ಇರುವವರೆಗೆ ಸ್ಟಿರಾಯ್ಡ್ ಸರಿಯಾಗಿ ಕೆಲಸ ಮಾಡದೆ ಇರುವುದುಂಟು. ಇದನ್ನು ಸರಿಪಡಿಸಿದರೆ ಕೆಲವು ಮಕ್ಕಳು 'ನಿರೋಧಕ' ಪಟ್ಟಿಯಿಂದಲೇ ಹೊರಬರುತ್ತಾರೆ.

ಎರಡನೆಯ ಪ್ರಶ್ನೆ: ಸಾಣಿಗಿ ಹೇಗೆ ಕಾಣುತ್ತದೆ? ಇದಕ್ಕೆ ಬಯಾಪ್ಸಿ ಮಾಡುತ್ತಾರೆ. ಬೆನ್ನಿನ ಕಡೆಯಿಂದ ತೆಳುವಾದ ಸೂಜಿ ಹಾಕಿ ಮೂತ್ರಪಿಂಡದ ಎಳೆಯಷ್ಟು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. "ಕಿಡ್ನಿ ತುಂಡು ಕತ್ತರಿಸಿ ತೆಗೀತಾರಂತ" ಎಂದು ಊರಲ್ಲಿ ಹೆದರಿಸುವವರು ಇದ್ದಾರೆ. ಲಕ್ಷಗಟ್ಟಲೆ ನೆಫ್ರಾನ್‌ಗಳಲ್ಲಿ ಆ ತುಣುಕಿನಲ್ಲಿ ಬರುವುದು ಹತ್ತಿಪ್ಪತ್ತು ಗ್ಲೋಮೆರುಲಸ್ ಮಾತ್ರ. ಕೆಲವರಲ್ಲಿ ಸಾಣಿಗಿ ಸಾಧಾರಣ ಸೂಕ್ಷ್ಮದರ್ಶಕಕ್ಕೆ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ಕೆಲವರಲ್ಲಿ ಅಲ್ಲಲ್ಲಿ ಗಾಯದ ಕಲೆಗಳು ಕಾಣುತ್ತವೆ. ಮುಂದಿನ ದಾರಿ ಎಷ್ಟು ಕಠಿಣ ಎಂಬ ಅಂದಾಜು ಇದರಿಂದ ಸಿಗುತ್ತದೆ.

ಮೂರನೆಯ ಪ್ರಶ್ನೆ: ದೋಷ ರಕ್ತದಲ್ಲೋ, ಸಾಣಿಗಿಯಲ್ಲೋ? ಹೆಚ್ಚಿನ ಮಕ್ಕಳಲ್ಲಿ ಸಾಣಿಗಿ ಹುಟ್ಟಿನಿಂದ ಚೆನ್ನಾಗಿಯೇ ಇರುತ್ತದೆ, ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಅದರ ಮೇಲೆ ಬೀಳುತ್ತದೆ. ಆದರೆ ಸ್ಟಿರಾಯ್ಡಿಗೆ ಬಗ್ಗದ ನೂರು ಮಕ್ಕಳಲ್ಲಿ ಹತ್ತರಿಂದ ಮೂವತ್ತರಷ್ಟು ಮಂದಿಗೆ ಬಲೆ ಹೆಣೆಯುವ ಜೀನ್‌ನಲ್ಲೇ ದೋಷ ಇರುತ್ತದೆ. 1998ರಲ್ಲಿ ನೆಫ್ರಿನ್‌ನ ಜೀನ್, 2000ರಲ್ಲಿ ಪೋಡೋಸಿನ್‌ನ ಜೀನ್ ಪತ್ತೆಯಾದವು. ಆಮೇಲೆ ಇಂಥ ಹತ್ತಾರು ಜೀನ್‌ಗಳು ಗೊತ್ತಾಗಿವೆ.

ಹತ್ತನೇ ತರಗತಿಯಲ್ಲಿ ಅನುವಂಶೀಯತೆಯ ಪಾಠ ಓದಿದವರು ಇದನ್ನು ಬೇಗ ಹಿಡಿಯುತ್ತೀರಿ. ಪೋಡೋಸಿನ್ ದೋಷ ಹಿಂಜರಿತ ಗುಣ. ತಂದೆಯಲ್ಲಿ ಒಂದು ಕೆಟ್ಟ ಪ್ರತಿ, ತಾಯಿಯಲ್ಲಿ ಒಂದು ಕೆಟ್ಟ ಪ್ರತಿ ಇದ್ದರೂ ಅವರಿಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಬಂದರೆ ಮಾತ್ರ ರೋಗ. ಪ್ರತಿ ಮಗುವಿಗೂ ಅದರ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನೊಂದಿಗೆ, ಅತ್ತೆಯ ಮಗನೊಂದಿಗೆ ಲಗ್ನ ಮಾಡುವ ಮನೆತನಗಳಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಹೆಚ್ಚು. ಇದು ಯಾರ ತಪ್ಪೂ ಅಲ್ಲ, ಸೊಸೆಯನ್ನು ದೂರುವ ವಿಷಯವಂತೂ ಅಲ್ಲವೇ ಅಲ್ಲ. ಲೆಕ್ಕ ನೋಡಿ: ಅರ್ಧ ತಂದೆಯದು, ಅರ್ಧ ತಾಯಿಯದು.

ಜೀನ್ ಪರೀಕ್ಷೆ ಯಾಕೆ ಮುಖ್ಯ? ದೋಷ ಜೀನ್‌ನಲ್ಲಿದ್ದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳಿಂದ ಸಾಮಾನ್ಯವಾಗಿ ಉಪಯೋಗವಿಲ್ಲ. ಉಪಯೋಗವಿಲ್ಲದ ಮೇಲೆ ಅವುಗಳ ಅಡ್ಡ ಪರಿಣಾಮವನ್ನು ಮಗು ಯಾಕೆ ಅನುಭವಿಸಬೇಕು?

ಮಣ್ಣಿನಿಂದ ಬಂದ ಎರಡು ಔಷಧ

ದೋಷ ರೋಗನಿರೋಧಕ ವ್ಯವಸ್ಥೆಯದು ಎಂದಾದರೆ ಮುಂದಿನ ಔಷಧ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್. ಇವುಗಳ ಮೂಲ ಕೇಳಿದರೆ ನಮ್ಮ ಎರಿ ಹೊಲದ ರೈತರಿಗೂ ಖುಷಿಯಾದೀತು. ಎರಡೂ ಬಂದದ್ದು ಮಣ್ಣಿನಿಂದ!

1969ರಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ನೌಕರರೊಬ್ಬರು ನಾರ್ವೆ ದೇಶದ ಹಾರ್ಡಂಗರ್‌ವಿಡ್ಡಾ ಎಂಬ ಎತ್ತರದ ಬಯಲಿನಿಂದ ಒಂದಿಷ್ಟು ಮಣ್ಣು ತಂದರು. ಆ ಮಣ್ಣಿನಲ್ಲಿದ್ದ ಒಂದು ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್ ಸಿಕ್ಕಿತು. 1984ರಲ್ಲಿ ಜಪಾನಿನ ಸುಕುಬಾ ಪ್ರದೇಶದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ ಟ್ಯಾಕ್ರೋಲಿಮಸ್ ಸಿಕ್ಕಿತು. ಎರಡನ್ನೂ ಮೊದಲು ಬಳಸಿದ್ದು ಅಂಗಾಂಗ ಕಸಿಯಲ್ಲಿ, ಹೊಸ ಅಂಗವನ್ನು ದೇಹ ತಳ್ಳಿಹಾಕದಂತೆ ತಡೆಯಲು. ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಎಚ್ಚರಗೊಳ್ಳಲು ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಬೇಕು. ಈ ಔಷಧಗಳು ಆ ಕಿಣ್ವಕ್ಕೆ ಕೀಲಿ ಹಾಕುತ್ತವೆ. 2008ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: ಸೈಕ್ಲೋಸ್ಪೋರಿನ್ ಪಾದಕೋಶದ ಒಳಗಿನ ಆಧಾರದ ಎಳೆಗಳನ್ನೂ ನೇರವಾಗಿ ಗಟ್ಟಿಮಾಡುತ್ತದೆ. ಅಂದರೆ ಒಂದೇ ಔಷಧ ಹೊರಗಿನ ದಾಳಿಯನ್ನೂ ತಡೆಯುತ್ತದೆ, ಒಳಗಿನ ಗೋಡೆಗೂ ಆಸರೆ ಕೊಡುತ್ತದೆ.

ಇವು ನಾಜೂಕಿನ ಔಷಧಗಳು. ಕಡಿಮೆಯಾದರೆ ಕೆಲಸ ಮಾಡುವುದಿಲ್ಲ, ಹೆಚ್ಚಾದರೆ ಮೂತ್ರಪಿಂಡಕ್ಕೇ ಪೆಟ್ಟು. ಅದಕ್ಕಾಗಿ ಬೆಳಗಿನ ಗುಳಿಗಿ ನುಂಗುವ ಮುಂಚೆ ರಕ್ತ ತೆಗೆದು ಅದರಲ್ಲಿ ಔಷಧ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಆರು ತಿಂಗಳೊಳಗೆ ಗುಣ ಕಂಡರೆ ಕನಿಷ್ಠ ಎರಡು ವರ್ಷ ಮುಂದುವರಿಸುತ್ತಾರೆ. ಜೊತೆಗೆ ಎನಾಲಪ್ರಿಲ್‌ನಂಥ ರಕ್ತದೊತ್ತಡದ ಔಷಧವನ್ನೂ ಕೊಡುತ್ತಾರೆ. ಅದು ಸಾಣಿಗಿಯ ಮೇಲಿನ ಒತ್ತಡ ಇಳಿಸಿ ಸೋರಿಕೆ ತಗ್ಗಿಸುತ್ತದೆ. ಇದಕ್ಕೂ ಬಗ್ಗದಿದ್ದರೆ ರಿಟುಕ್ಸಿಮ್ಯಾಬ್ ಮುಂತಾದ ಇನ್ನೂ ಕೆಲವು ಔಷಧಗಳಿವೆ.

131 ಮಕ್ಕಳು ಕಲಿಸಿದ ಪಾಠ

ಯಾವ ಔಷಧ ಮೇಲು ಎಂದು ಹೇಗೆ ತಿಳಿಯುವುದು? "ನಮ್ಮ ಅನುಭವದಾಗ ಇದು ಛಲೋ" ಎಂದರೆ ವಿಜ್ಞಾನ ಒಪ್ಪುವುದಿಲ್ಲ. ಹೋಲಿಸಿ ನೋಡಬೇಕು. ದೆಹಲಿಯ ಏಮ್ಸ್‌ನ ಡಾ. ಅರವಿಂದ ಬಗ್ಗಾ ಅವರ ತಂಡ ಮತ್ತು ದೇಶದ ಬೇರೆ ಕೆಲವು ಆಸ್ಪತ್ರೆಗಳ ವೈದ್ಯರು ಸೇರಿ ಸ್ಟಿರಾಯ್ಡಿಗೆ ಬಗ್ಗದ 131 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಟ್ಯಾಕ್ರೋಲಿಮಸ್. ಇನ್ನೊಂದಕ್ಕೆ ಆಗ ರೂಢಿಯಲ್ಲಿದ್ದ, ರಕ್ತನಾಳಕ್ಕೆ ಕೊಡುವ ಸೈಕ್ಲೋಫಾಸ್ಫಮೈಡ್. ಆರು ತಿಂಗಳ ನಂತರ ಟ್ಯಾಕ್ರೋಲಿಮಸ್ ಪಡೆದವರಲ್ಲಿ ನೂರಕ್ಕೆ ಸುಮಾರು 82 ಮಕ್ಕಳಿಗೆ ಪೂರ್ತಿಯಾಗಿಯೋ ಭಾಗಶಃವೋ ಶಮನ ಸಿಕ್ಕಿತ್ತು. ಇನ್ನೊಂದು ಗುಂಪಿನಲ್ಲಿ ಸುಮಾರು 46 ಮಾತ್ರ. ಈ ಫಲಿತಾಂಶ 2012ರಲ್ಲಿ ಪ್ರಕಟವಾಯಿತು.

ಚೀಟಿ ಎತ್ತಿದ್ದು ಯಾಕೆ ಎಂದು ಯೋಚಿಸಿ. ವೈದ್ಯರೇ ಆರಿಸಿದ್ದರೆ ಗಟ್ಟಿಯಾಗಿರುವ ಮಕ್ಕಳೆಲ್ಲ ತಿಳಿಯದೆಯೇ ಒಂದೇ ಗುಂಪಿಗೆ ಸೇರಿಬಿಡಬಹುದಿತ್ತು. ಆಗ ಗೆದ್ದದ್ದು ಔಷಧವೋ, ಮಕ್ಕಳ ಗಟ್ಟಿತನವೋ ಹೇಳುವುದು ಹೇಗೆ?

ಈ ಅಧ್ಯಯನ ನಡೆಸಿದ ವೈದ್ಯರಲ್ಲಿ ಒಬ್ಬರು ಡಾ. ಮಾಧುರಿ ಕಾನಿಟ್ಕರ್. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಓದಿದ್ದು ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ. ಮಕ್ಕಳ ಮೂತ್ರಪಿಂಡ ತಜ್ಞೆಯಾಗಿ ಸೇನೆಯಲ್ಲಿ ದುಡಿದು 2020ರಲ್ಲಿ ಲೆಫ್ಟಿನೆಂಟ್ ಜನರಲ್ ಆದರು. ಭಾರತದ ಸಶಸ್ತ್ರ ಪಡೆಗಳಲ್ಲಿ ಮೂರು ತಾರೆಯ ದರ್ಜೆಗೇರಿದ ಮೂರನೆಯ ಮಹಿಳೆ ಅವರು. 2021ರಲ್ಲಿ ನಾಸಿಕದಲ್ಲಿರುವ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕುಲಪತಿಯಾದರು. ವೈದ್ಯರಾಗಬೇಕೆಂದು ಕನಸು ಕಾಣುವ ಹುಡುಗಿಯರು ಈ ಹೆಸರನ್ನು ಬರೆದಿಟ್ಟುಕೊಳ್ಳಿ.

ಒಂದು ಮೂತ್ರಪಿಂಡ, ಮೂರು ದೇಹ

ಯಾವ ಔಷಧಕ್ಕೂ ಬಗ್ಗದಿದ್ದರೆ? ಕಟುವಾದ ಮಾತನ್ನೂ ಹೇಳಲೇಬೇಕು. ಅಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಮೂತ್ರಪಿಂಡಗಳು ಹತ್ತು ವರ್ಷದೊಳಗೆ ಸೋಲಬಹುದು. ಆಗ ಡಯಾಲಿಸಿಸ್ ಬೇಕು, ನಂತರ ಮೂತ್ರಪಿಂಡದ ಕಸಿ.

ಕಸಿಯ ಬಗ್ಗೆ ಒಂದು ಸೋಜಿಗದ ಪ್ರಸಂಗವನ್ನು ಅಮೆರಿಕದ ಷಿಕಾಗೊ ನಗರದ ವೈದ್ಯರು 2012ರಲ್ಲಿ ವರದಿ ಮಾಡಿದರು. ಗಾಯದ ಕಲೆಗಳ ಬಗೆಯ ಇದೇ ರೋಗದಿಂದ ಮೂತ್ರಪಿಂಡ ಕಳೆದುಕೊಂಡಿದ್ದ 27 ವರ್ಷದ ತರುಣನಿಗೆ ಅವನ ಸಹೋದರಿ ತನ್ನದೊಂದನ್ನು ಕೊಟ್ಟಳು. ಅವಳಲ್ಲಿ ಸರಿಯಾಗಿದ್ದ ಆ ಮೂತ್ರಪಿಂಡ ಅವನ ದೇಹಕ್ಕೆ ಹೋದ ಕೆಲವೇ ದಿನಗಳಲ್ಲಿ ಪ್ರೋಟೀನ್ ಸೋರಲು ಶುರುಮಾಡಿತು. ಹದಿನಾಲ್ಕನೆಯ ದಿನ, ಎಲ್ಲರ ಒಪ್ಪಿಗೆ ಪಡೆದು, ಅದನ್ನು ಹೊರತೆಗೆದು ಬೇರೆ ಕಾರಣದಿಂದ ಮೂತ್ರಪಿಂಡ ಸೋತಿದ್ದ 66 ವರ್ಷದ ಇನ್ನೊಬ್ಬರಿಗೆ ಹಾಕಿದರು. ಸೋರಿಕೆ ನಿಂತಿತು! ಚಪ್ಪಟೆಯಾಗಿದ್ದ ಪಾದಗಳು ಮತ್ತೆ ಎದ್ದು ನಿಂತವು.

ಏನು ತಿಳಿಯಿತು? ಆ ತರುಣನಲ್ಲಿ ದೋಷ ಸಾಣಿಗಿಯದಲ್ಲ, ರಕ್ತದಲ್ಲಿ ಹರಿಯುವ ಯಾವುದೋ ವಸ್ತುವಿನದು. ಆ ವಸ್ತು ಏನಿರಬಹುದು ಎಂಬ ಹುಡುಕಾಟದಲ್ಲಿ 2022ರಿಂದ ಈಚೆಗೆ ಒಳ್ಳೆಯ ಸುಳಿವು ಸಿಕ್ಕಿದೆ. ನೆನಪಿಡಿ ಎಂದಿದ್ದೆವಲ್ಲ, ಆ ನೆಫ್ರಿನ್‌ನ ವಿರುದ್ಧವೇ ದೇಹ ತಯಾರಿಸಿದ ಪ್ರತಿಕಾಯಗಳು ಈ ರೋಗದ ಅನೇಕ ಮಕ್ಕಳ ರಕ್ತದಲ್ಲಿ ಕಂಡುಬಂದಿವೆ. ಇನ್ನು ಪೋಡೋಸಿನ್ ಜೀನ್‌ನಲ್ಲಿ ದೋಷವಿರುವ ಮಗುವಿನ ಕಥೆ ಇದಕ್ಕೆ ತಿರುಗುಮುರುಗು. ದೋಷ ಹಳೆಯ ಮೂತ್ರಪಿಂಡದಲ್ಲೇ ಇದ್ದುದರಿಂದ ಹೊಸದಕ್ಕೆ ರೋಗ ಮರಳುವ ಸಾಧ್ಯತೆ ಬಹಳ ಕಡಿಮೆ. ಔಷಧಕ್ಕೆ ಬಗ್ಗದ ಮಗು ಕಸಿಯಲ್ಲಿ ಗೆಲ್ಲುತ್ತದೆ. "ದೋಷ ಎಲ್ಲಿ?" ಎಂಬ ಪ್ರಶ್ನೆಯ ಬೆಲೆ ಈಗ ತಿಳಿಯಿತೇ?

ಉಮರ್ಗಾ, ನಿಲಂಗಾ, ಉದಗೀರದಿಂದ ಆಸ್ಪತ್ರೆಗೆ

ನಮ್ಮದು ಗಡಿಯ ಸೀಮೆ. 1956ರವರೆಗೆ ನಿಲಂಗಾ, ಉದಗೀರ ತಾಲೂಕುಗಳು ಬೀದರ್ ಜಿಲ್ಲೆಯಲ್ಲೇ ಇದ್ದವು. ಇವತ್ತು ಅವು ಲಾತೂರ್ ಜಿಲ್ಲೆಯಲ್ಲಿವೆ, ಉಮರ್ಗಾ ಧಾರಾಶಿವ ಜಿಲ್ಲೆಯಲ್ಲಿದೆ. ನಕ್ಷೆ ಬದಲಾದರೂ ಜನರ ಓಡಾಟ ಹಾಗೇ ಇದೆ. ಉದಗೀರದವರು ರೈಲು ಹತ್ತಿ ಬೀದರ್‌ಗೆ ಹೋಗುತ್ತಾರೆ, ಉಮರ್ಗಾದವರು ಹೆದ್ದಾರಿ ಹಿಡಿದು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಾರೆ, ನಿಲಂಗಾದವರಿಗೆ ಲಾತೂರ್ ಹತ್ತಿರ.

ರೋಗ ಗುರುತಿಸಲು ದೂರ ಹೋಗಬೇಕಿಲ್ಲ. ಒಂದು ಮೂತ್ರ ಪರೀಕ್ಷೆ ಸಾಕು, ತಾಲೂಕಿನಲ್ಲೇ ಆಗುತ್ತದೆ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೂ ಬಾವು ತೋರಿಸಬಹುದು. 2013ರಲ್ಲಿ ಶುರುವಾದ ಈ ಯೋಜನೆ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿಯೇ ಇದೆ. ಲಾತೂರ್, ಸೊಲ್ಲಾಪುರ, ಬೀದರ್ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಮೊದಲ ಚಿಕಿತ್ಸೆ ಅಲ್ಲಿ ನಡೆಯುತ್ತದೆ. ಗುಳಿಗಿಗೆ ಬಗ್ಗದ ರೋಗ ಎಂದಾದಾಗ ಮಾತ್ರ ಮಕ್ಕಳ ಮೂತ್ರಪಿಂಡ ತಜ್ಞರು ಬೇಕು. ಅವರು ಇರುವುದು ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರಿನಂಥ ಊರುಗಳಲ್ಲಿ. ಮುಂಬಯಿಯ ವಾಡಿಯಾ ಮಕ್ಕಳ ಆಸ್ಪತ್ರೆ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದರಲ್ಲಿ ಹೆಸರಾದವು.

ಮರಾಠಿ ಮಾತಾಡುವ ವೈದ್ಯರ ಮುಂದೆ ನಮ್ಮ ಅವ್ವಂದಿರು ಮಾತು ತಡವರಿಸಿ ಅರ್ಧ ಹೇಳಿ ಬರುತ್ತಾರೆ. ಅಲ್ಲಿ ನೀವು ಜೊತೆಗಿದ್ದರೆ ದೊಡ್ಡ ಸಹಾಯ. ಬಾವು ಎಂದರೆ 'ಸೂಜ್', ಮೂತ್ರ ಎಂದರೆ 'ಲಘವಿ', ನೊರೆ ಎಂದರೆ 'ಫೇಸ್'. ಶಾಲೆಯಲ್ಲಿ ಎರಡೂ ಭಾಷೆ ಕಲಿಯುವ ನಿಮಗೆ ಇದು ಕಷ್ಟವೇ?

ಮನೆಯಲ್ಲಿ ಒಂದು ವಹಿ ಇಡಿ. ಪ್ರತಿದಿನ ಬೆಳಗಿನ ಮೊದಲ ಮೂತ್ರವನ್ನು ಬಣ್ಣ ಬದಲಾಗುವ ಪಟ್ಟಿಯಿಂದ ಪರೀಕ್ಷಿಸುವುದನ್ನು ವೈದ್ಯರು ಮನೆಯವರಿಗೆ ಕಲಿಸುತ್ತಾರೆ. ತಾರೀಖು, ಪಟ್ಟಿಯ ಗುರುತು, ತೂಕ, ಕೊಟ್ಟ ಗುಳಿಗಿ: ಇಷ್ಟು ಬರೆದರೆ ಸಾಕು. ದೂರದ ವೈದ್ಯರಿಗೆ ಈ ವಹಿಯೇ ಕಣ್ಣು. ಅಪ್ಪ ಅವ್ವನಿಗೆ ಬರೆಯಲು ಬರದಿದ್ದರೆ ಅಕ್ಕನೋ ಅಣ್ಣನೋ ಆಗಿ ನೀವೇ ಬರೆಯಿರಿ.

ಖರ್ಚಿನ ಮಾತು. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ 'ಆರೋಗ್ಯಮಿತ್ರ' ಎಂಬ ಸಿಬ್ಬಂದಿ ಇರುತ್ತಾರೆ. ಯಾವ ಚಿಕಿತ್ಸೆ ಇದರಲ್ಲಿ ಬರುತ್ತದೆ, ಯಾವ ಕಾಗದ ಬೇಕು ಎಂದು ಅವರನ್ನೇ ಕೇಳಬೇಕು. ಗಡಿ ದಾಟಿ ಬೇರೆ ರಾಜ್ಯಕ್ಕೆ ಹೋಗುವ ಮುಂಚೆ ಈ ಪ್ರಶ್ನೆ ಕೇಳಿಕೊಂಡು ಹೋದರೆ ಆಮೇಲೆ ಪರದಾಡುವುದು ತಪ್ಪುತ್ತದೆ.

ಊಟದಲ್ಲಿ ಮುಖ್ಯ ಎಚ್ಚರ ಉಪ್ಪಿನದು. ಬಾವು ಇರುವಾಗ ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಅಂಗಡಿಯ ಕುರುಕಲು ಬೇಡ. ಜೋಳದ ರೊಟ್ಟಿ, ಬೇಳೆ, ಪಲ್ಯ, ಮೊಸರು ವಯಸ್ಸಿಗೆ ತಕ್ಕಷ್ಟು ಉಣ್ಣಬಹುದು.

ಕೊನೆಯದಾಗಿ, ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಭಸ್ಮ ಬೇಡ. ಪಾದರಸದಂಥ ಲೋಹ ಸೇರಿದ ಪುಡಿಗಳು ಮೂತ್ರಪಿಂಡಕ್ಕೆ ನೇರ ಹಾನಿ ಮಾಡುತ್ತವೆ. ಮಾರಿ ಬೆಳ್ಳಗಾಗಲಿ ಎಂದು ಪಾದರಸ ಬೆರೆಸಿದ ಕ್ರೀಮ್ ಹಚ್ಚಿಕೊಂಡವರಿಗೂ ಮೂತ್ರದಲ್ಲಿ ಪ್ರೋಟೀನ್ ಸೋರಿದ ಪ್ರಸಂಗಗಳು 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬೆಳಕಿಗೆ ಬಂದವು. ಒಂಬತ್ತು ಹತ್ತನೇ ತರಗತಿಯವರು ಇದನ್ನು ಎರಡು ಸಲ ಓದಿ!

ನಿಮ್ಮ ತರಗತಿಯಲ್ಲಿ ಇಂಥ ಗೆಳೆಯರಿದ್ದರೆ

ಸ್ಟಿರಾಯ್ಡ್ ತೆಗೆದುಕೊಳ್ಳುವ ಮಗುವಿನ ಮಾರಿ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ಎತ್ತರ ನಿಧಾನವಾಗುತ್ತದೆ, ಸಿಟ್ಟು ಬೇಗ ಬರುತ್ತದೆ. ಸೈಕ್ಲೋಸ್ಪೋರಿನ್‌ನಿಂದ ಮುಖ, ಕೈಗಳ ಮೇಲೆ ಕೂದಲು ಬೆಳೆಯಬಹುದು, ಒಸಡು ಉಬ್ಬಬಹುದು. ಇದನ್ನು ನೋಡಿ "ಡುಮ್ಮಾ", "ಕರಡಿ" ಎಂದು ಅಡ್ಡ ಹೆಸರು ಇಟ್ಟರೆ ಏನಾಗುತ್ತದೆ? ಹದಿಮೂರು ಹದಿನಾಲ್ಕು ವರ್ಷದವರು ನಾಚಿಕೆಗೆ ಗುಳಿಗಿಯನ್ನು ಗುಟ್ಟಾಗಿ ಬಿಸಾಡುತ್ತಾರೆ. ಎರಡು ವರ್ಷ ಕಷ್ಟಪಟ್ಟು ಮಲಗಿಸಿದ ರೋಗ ಮತ್ತೆ ಏಳುತ್ತದೆ. ಬಾಯಿಂದ ಹೋದ ಒಂದು ಮಾತು ಮೂತ್ರಪಿಂಡದವರೆಗೆ ಮುಟ್ಟುವುದು ಹೀಗೆ.

ಇನ್ನೊಂದು ಮಾತು. ಈ ಔಷಧಗಳು ಸೋಂಕು ತಡೆಯುವ ಶಕ್ತಿಯನ್ನು ತಗ್ಗಿಸುತ್ತವೆ. ತರಗತಿಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಬಂದರೆ, ನಮ್ಮಲ್ಲಿ "ಅಮ್ಮ ಬಂದಾಳ" ಅಂತಾರಲ್ಲ ಅದು, ಆ ವಿಷಯವನ್ನು ಕೂಡಲೇ ಗುರುಗಳಿಗೂ ಆ ಮಗುವಿನ ಮನೆಗೂ ತಿಳಿಸಿ. ಬೇಗ ಗೊತ್ತಾದರೆ ವೈದ್ಯರು ತಡೆ ಔಷಧ ಕೊಡಬಲ್ಲರು. ಆದರೆ ನೆಫ್ರೋಟಿಕ್ ಸಿಂಡ್ರೋಮ್ ಅಂಟುರೋಗವಲ್ಲ. ಬಾಜೂಕ ಕೂತು ಉಂಡರೆ, ಆಡಿದರೆ ನಿಮಗೆ ಏನೂ ಆಗುವುದಿಲ್ಲ. ಬಾವು ಇಳಿದ ಮಗು ಎಲ್ಲರ ಹಾಗೆ ಖೋ-ಖೋ ಆಡಬಹುದು, ಓಡಬಹುದು, ಪರೀಕ್ಷೆ ಬರೆಯಬಹುದು. ಆಸ್ಪತ್ರೆಗೆ ಹೋದ ದಿನದ ಪಾಠದ ಟಿಪ್ಪಣಿಯನ್ನು ನೀವು ಬರೆದುಕೊಟ್ಟರೆ ಅದೂ ಚಿಕಿತ್ಸೆಯ ಒಂದು ಭಾಗವೇ.

ಮಾಡಿ ನೋಡಿ (ಗುರುಗಳ ಎದುರಿನಲ್ಲಿ)

ಒಂದು ಕೋಳಿ ಮೊಟ್ಟೆಯ ಬಿಳಿಯನ್ನು ಒಂದು ಲೋಟ ತಣ್ಣೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿರಿ. ಮೂರು ಪ್ರನಾಳ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಬರೀ ನೀರು, ಎರಡನೆಯದರಲ್ಲಿ ಸಕ್ಕರೆ ನೀರು, ಮೂರನೆಯದರಲ್ಲಿ ಮೊಟ್ಟೆಯ ನೀರು. ಮೂರನ್ನೂ ಸಮನಾಗಿ ಅಲ್ಲಾಡಿಸಿ. ಯಾವುದರಲ್ಲಿ ನೊರೆ ಬಹಳ ಹೊತ್ತು ನಿಲ್ಲುತ್ತದೆ? ಈಗ ಮೂರಕ್ಕೂ ಎರಡು ಹನಿ ವಿನೆಗರ್ ಹಾಕಿ, ಒಂದೊಂದಾಗಿ ಮೆಲ್ಲಗೆ ಕಾಯಿಸಿ. ಯಾವುದು ಹಾಲಿನ ಹಾಗೆ ಬೆಳ್ಳಗಾಯಿತು? ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಹಿಂದಿನ ವೈದ್ಯರು ನೋಡುತ್ತಿದ್ದುದು ಇದೇ ರೀತಿಯಲ್ಲಿ.

ಚರ್ಚಿಸಿ

1. ಬೆಳಿಗ್ಗೆ ಕಣ್ಣಿನ ಸುತ್ತ, ಸಂಜೆ ಕಾಲಿನಲ್ಲಿ ಬಾವು ಕಾಣುವುದು ಏಕೆ?

2. ತಂದೆ ತಾಯಿ ಇಬ್ಬರೂ ಪೋಡೋಸಿನ್ ದೋಷದ ಒಂದೊಂದು ಪ್ರತಿ ಹೊತ್ತಿದ್ದಾರೆ. ಮೊದಲ ಮಗುವಿಗೆ ರೋಗ ಬಂದಿದೆ. ಎರಡನೆಯ ಮಗುವಿಗೆ ಬರುವ ಸಾಧ್ಯತೆ ಎಷ್ಟು? ಮೊದಲಿನ ಮಗುವಿಗೆ ಬಂದಿರುವುದರಿಂದ ಈ ಲೆಕ್ಕ ಬದಲಾಗುತ್ತದೆಯೇ?

3. 131 ಮಕ್ಕಳನ್ನು ಊರಿನ ಪ್ರಕಾರ ಎರಡು ಗುಂಪು ಮಾಡಿದ್ದರೆ ಫಲಿತಾಂಶವನ್ನು ನಂಬಬಹುದಿತ್ತೇ? ಕಾರಣ ಕೊಡಿ.

4. ಷಿಕಾಗೊದ ತರುಣನ ರೋಗ ಜೀನ್ ದೋಷದಿಂದ ಬಂದದ್ದಾಗಿದ್ದರೆ ಸಹೋದರಿಯ ಮೂತ್ರಪಿಂಡ ಅವನಲ್ಲಿ ಹೇಗೆ ವರ್ತಿಸುತ್ತಿತ್ತು?